ಇಸಾಜಿ ಮಿಸ್ತ್ರಿಯ ನಾಲ್ಕು ಗೊಂಡೆ

ಶುಕ್ರವಾರ ಸಂಜೆ ಇಸಾಜಿ ಮಿಸ್ತ್ರಿಯವರ ಕೈ ನೋಡಬೇಕಿತ್ತು. ವಾರವಿಡೀ ಮಗ್ಗದ ಎಣ್ಣೆ, ಗ್ರೀಸು, ಕಿಲುಬು ಮೆತ್ತಿಕೊಂಡು ಮೊಣಕೈವರೆಗೆ ಕರ್ರಗಾಗಿರುತ್ತಿದ್ದ ಆ ಕೈಗಳನ್ನು ಅವರು ನಮ್ಮ ಹಿತ್ತಲಿನ ಕಲ್ಲಿನ ಮೇಲೆ ಕೂತು ತಿಕ್ಕುತ್ತಿದ್ದರು. ಮೊದಲು ಸೀಮೆಎಣ್ಣೆ, ಆಮೇಲೆ ತೆಂಗಿನ ನಾರು, ಕಡೆಗೆ ಬಟ್ಟೆಯ ಸಾಬೂನು. ಉಗುರಿನ ಸಂದಿಯ ಮಸಿಯನ್ನು ಬೇವಿನ ಕಡ್ಡಿಯಿಂದ ಕೆದರಿ ತೆಗೆಯುತ್ತಿದ್ದರು. ಹೊತ್ತು ಮುಳುಗುವುದರೊಳಗೆ ಆ ಕೈ ಮದುವಣಿಗನ ಕೈಯಷ್ಟು ಬೆಳ್ಳಗಾಗಿರುತ್ತಿತ್ತು. ಆಮೇಲೆ ಕೋಣೆಗೆ ಹೋಗಿ ದೀಪ ಹಚ್ಚಿ, ಫ್ಯಾನು ಹಾಕಿ ಕೂತರೆಂದರೆ ಶನಿವಾರ ಸಂಜೆ ಆಕಾಶದಲ್ಲಿ ಮೂರು ಚಿಕ್ಕೆ ಕಾಣುವವರೆಗೆ ಯಾವ ಮಗ್ಗವನ್ನೂ ಮುಟ್ಟುತ್ತಿರಲಿಲ್ಲ. ಸ್ವಿಚ್ಚು ಕೂಡ ಒತ್ತುತ್ತಿರಲಿಲ್ಲ.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಹಿಂದಿನ ಶೆಡ್ಡಿನಲ್ಲಿ ಎಂಟು ಪವರ್‌ಲೂಮು, ಶೆಡ್ಡಿಗೆ ಅಂಟಿಕೊಂಡ ಕೋಣೆಯಲ್ಲಿ ಇಸಾಜಿ ಮಿಸ್ತ್ರಿ. ಮುಂಬಯಿಯ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವರು, ಗಿರಣಿ ಮುಚ್ಚಿದ ಮೇಲೆ ಅಪ್ಪನ ಗುರುತಿನಿಂದ ಇಲ್ಲಿಗೆ ಬಂದು ನೆಲೆಯಾದರು. ಮಾತು ಮರಾಠಿ, ಮೂಲ ಕೊಂಕಣದ ಕಡಲ ದಂಡೆ, ಧರ್ಮ ಯಹೂದಿ. ಅವರ ಹಿರಿಯರು ಅಲ್ಲಿ ಗಾಣ ಇಟ್ಟು ಎಣ್ಣೆ ತೆಗೆಯುತ್ತಿದ್ದರಂತೆ. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಜನ ಅವರನ್ನು ಶನಿವಾರದ ಗಾಣಿಗರು ಎಂದೇ ಕರೆಯುತ್ತಿದ್ದರಂತೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ ಎಲ್ಲ ಜಾಲಾಡಿದರೂ ಇನ್ನೊಬ್ಬ ಯಹೂದಿ ಸಿಗುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ವರ್ಷಕ್ಕೊಮ್ಮೆ ಪನವೇಲಿನ ಅಕ್ಕನ ಮನೆಗೆ ಹೋಗಿ ಹಬ್ಬ ಮುಗಿಸಿಕೊಂಡು ಬರುತ್ತಿದ್ದರು.

ಕೈ ಎಷ್ಟು ಮೆತ್ತಗೋ ಬಾಯಿ ಅಷ್ಟು ಹರಿತ. ನಿಂತ ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಕೈಯಿಂದಲೇ ಒಂದು ಸುತ್ತು ತಿರುಗಿಸಿ ನೋಡುತ್ತಿದ್ದರು. ರೋಗ ಸಿಕ್ಕಿಬಿಡುತ್ತಿತ್ತು. ಆಮೇಲೆ ಮಗ್ಗದ ಮಾಲೀಕನಿಗೆ ಪೂಜೆ. ಬೋಳುತಲೆಯ ಗುರುಸಿದ್ದಪ್ಪನಿಗೆ ಕೂಲಿಕಾರರ ಮುಂದೆಯೇ, "ಈ ಮಗ್ಗಕ್ಕ ಎಣ್ಣಿ ಹಾಕಿ ಎಷ್ಟ ವರ್ಷಾತು? ತಲಿಗಿ ಹಚ್ಚಕೊಳ್ಳೂದು ಬಿಟ್ಟು ಇದಕ್ಕ ಹಾಕು. ಅಲ್ಲಿ ಇನ್ನೇನೂ ಬೆಳೆಯಂಗಿಲ್ಲ" ಅಂದಿದ್ದರು. ನನ್ನನ್ನಂತೂ ದಡ್ಡ ಎಂದಲ್ಲದೆ ಕರೆದದ್ದೇ ಕಡಿಮೆ. "ಈರಣ್ಣ ಅಂತ ಹೆಸರಿಟ್ಟಾರ, ದಡ್ಡಣ್ಣ ಅಂತ ಇಟ್ಟಿದ್ರ ಖರ್ಚಿಲ್ದ ಹೋಗ್ತಿತ್ತು" ಎನ್ನುತ್ತಿದ್ದರು.

ಇಂಥ ಮನುಷ್ಯನಿಗೆ ತಿರುಗಿಸಿ ಕುಟುಕಲು ನಮಗಿದ್ದದ್ದು ಒಂದೇ ಉಪಾಯ. ಪ್ರಶ್ನೆ ಕೇಳುವುದು. ಶಿವಪ್ಪನ ಚಾದಂಗಡಿಯಲ್ಲಿ ಅವರು ಬಂದು ಕೂತರೆ ಸಾಕು, ಶುರು.

"ಮಿಸ್ತ್ರಿ, ನಿಮ್ಮ ದೇವರ ಫೋಟೋ ತೋರಸ್ರಿ."

"ಇಲ್ಲ."

"ಮೂರ್ತಿ?"

"ಅದೂ ಇಲ್ಲ."

"ಮತ್ತ ಕೈ ಮುಗಿಯೂದು ಯಾರಿಗಿ?"

"ಕಾಣೂದಕ್ಕ ಕೈ ಮುಗಿಯೂದಾಗಿದ್ರ ನಿನ್ನ ಹೊಟ್ಟಿಗಿ ಮುಗೀತಿದ್ದೆ. ಅದರಷ್ಟ ದೊಡ್ಡದು ಈ ಊರಾಗ ಯಾವುದೂ ಕಾಣಸಂಗಿಲ್ಲ."

ತಲೆ ಮೇಲೆ ಟೊಪ್ಪಿಗೆ ಯಾಕೆ ಅಂದರೆ, "ಮ್ಯಾಲೊಬ್ಬಾಂವ ಅದಾನಂತ ನೆನಪಿರಲಿ ಅಂತ. ನಿಮಗ ಆ ತ್ರಾಸಿಲ್ಲ." ಮೊಬೈಲಿನಲ್ಲಿ ಯಾರೋ ಕರಿ ಕೋಟಿನ, ಕಿವಿಯ ಪಕ್ಕ ಗುಂಗುರು ಕೂದಲು ಇಳಿಬಿಟ್ಟ ಯಹೂದಿಗಳನ್ನು ತೋರಿಸಿ, ನೀವ್ಯಾಕ ಹಿಂಗಿಲ್ಲ ಎಂದು ಕೇಳಿದರು. "ಅವರೂರಾಗ ಹಿಮ ಬೀಳತೈತಿ. ಬನಹಟ್ಟಿ ಬಿಸಲಾಗ ಈ ಕೋಟ ಹಾಕ್ಕೊಂಡ್ರ ಮಗ್ಗ ಅಲ್ಲ, ನನ್ನ ರಿಪೇರಿ ಮಾಡಬೇಕಾಕ್ಕೈತಿ." ಹಾಲನ್ನೂ ಮಾಂಸವನ್ನೂ ಯಾಕೆ ಕೂಡಿಸಿ ಉಣ್ಣುವುದಿಲ್ಲ ಎಂದದ್ದಕ್ಕೆ ಮಾತ್ರ ದನಿ ತಗ್ಗಿಸಿ, "ತಾಯಿ ಹಾಲಾಗ ಅದರ ಮರಿನ ಕುದಸಬ್ಯಾಡ ಅಂತ ಬರದೈತಿ" ಅಂದರು. ಆ ಮಾತಿನಲ್ಲಿ ನಗಲು ಏನೂ ಇರಲಿಲ್ಲ. ಅದು ನಮಗೆ ಹಿಡಿಸಲಿಲ್ಲ. "ಹಂದಿನೂ ತಿನ್ನಂಗಿಲ್ಲಲ್ಲ, ಹಂಗಾರ ನೀವು ಸಾಬರ ಅಂದಂಗಾತು" ಎಂದ ಒಬ್ಬ. "ಆಕಳ ಹಾಲು ನೀನೂ ಕುಡೀತಿ, ಕರುನೂ ಕುಡೀತೈತಿ. ಹಂಗಂತ ನೀ ಕರು ಅಲ್ಲ. ಆಗಿದ್ರ ಇಷ್ಟೊತ್ತಿಗೆ ಉಪಯೋಗಕ್ಕ ಬರ್ತಿದ್ದಿ" ಅಂದರು.

ಎಂಟನೇ ದಿನಕ್ಕೆ ಗಂಡು ಕೂಸಿಗೆ ಸುನ್ನತಿಯ ಕತ್ತರಿ ಹಾಕುವ ಪದ್ಧತಿಯ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತಿತ್ತು. ಹೌದು ಎಂದು ಅವರು ನೂರು ಸಲ ಹೇಳಿದ್ದರು. ಒಂದು ಹೋಳಿ ಹುಣ್ಣಿಮೆಯಲ್ಲಿ ಬಣ್ಣದ ನೆಪ ಮಾಡಿ ಅವರ ಪಾಯಿಜಾಮದ ಲಾಡಿಗೆ ಕೈ ಹಾಕಿದವರೂ ಇದ್ದರು. ಆಗಲೇ ಅರವತ್ತು ದಾಟಿದ್ದ ಮನುಷ್ಯ ಎರಡೂ ಕೈಯಿಂದ ಲಾಡಿ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಓಡಿದರು. ನಾನು ಕೈ ಹಾಕಲಿಲ್ಲ. ನಿಂತು ನಕ್ಕೆ.

ಒಮ್ಮೆ ಅವ್ವ ಕೇಳಿದಳು, "ಅವು ಚ್ಯಾಷ್ಟಿ ಮಾಡಾಕ ಕೇಳತಾವಂತ ನಿಮಗ ಗೊತ್ತೈತಿ. ಆದ್ರೂ ಯಾಕ ಹೇಳತೀರಿ?"

"ನಾ ಹೇಳಲಿಲ್ಲಂದ್ರ ಅವರ ಒಂದು ಉತ್ತರ ಮಾಡ್ಕೋತಾರ್ರಿ ವೈನಿ. ಅದಕ್ಕಿಂತ ಇದು ಛಲೋ."

ಅವರು ಕೊಟ್ಟ ಉತ್ತರಗಳನ್ನು ನಾವು ಏನು ಮಾಡಿದೆವು ಎಂಬುದು ಅವರಿಗೆ ಗೊತ್ತಿರಲಿಲ್ಲ ಎಂದು ತೋರುತ್ತದೆ. ಶನಿವಾರ ಸ್ವಿಚ್ಚು ಮುಟ್ಟುವುದಿಲ್ಲ ಎಂದು ಹೇಳಿದ್ದರು. ಬೇರೆಯವರಿಗೆ ಒತ್ತು ಎಂದು ಹೇಳುವುದೂ ತಪ್ಪು ಎಂದೂ ಹೇಳಿದ್ದರು. ಅವರ ಕೋಣೆಯ ಕರೆಂಟು ನಮ್ಮ ಶೆಡ್ಡಿನ ಬೋರ್ಡಿನಿಂದ ಹೋಗುತ್ತಿತ್ತು. ಒಂದು ಬ್ಯಾಸಗಿಯ ಶನಿವಾರ, ಮಟಮಟ ಮಧ್ಯಾಹ್ನ, ನಾನು ಮತ್ತು ಮೂವರು ಗೆಳೆಯರು ಆ ಸ್ವಿಚ್ಚು ಆರಿಸಿ ಕಿಟಕಿಯಲ್ಲಿ ಇಣುಕಿದೆವು. ತಗಡಿನ ಮಾಡು. ಫ್ಯಾನು ನಿಧಾನಕ್ಕೆ ನಿಂತಿತು. ಅವರು ತಲೆ ಎತ್ತಿ ಅದನ್ನು ನೋಡಿದರು, ಶೆಡ್ಡಿನಲ್ಲಿ ಮಗ್ಗಗಳು ಓಡುತ್ತಿರುವ ಸದ್ದು ಕೇಳಿಸಿಕೊಂಡರು, ಕಿಟಕಿಯ ಕಡೆ ತಿರುಗಿದರು. ಕೈಯಲ್ಲಿದ್ದ ಪುಸ್ತಕದಿಂದ ಗಾಳಿ ಹಾಕಿಕೊಳ್ಳಲಿಲ್ಲ, ಅದು ದೇವರ ಪುಸ್ತಕ. ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತು. ಸಂಜೆಯವರೆಗೆ ಹಾಗೇ ಕೂತಿದ್ದರು. ಸೋಲುತ್ತಾರೆಂದು ಕಾದು ಕಾದು ನಮಗೇ ಬೇಜಾರಾಗಿ ಚಾಕ್ಕೆ ಹೋದೆವು. ನಾನಾಗ ಎರಡು ಮಕ್ಕಳ ತಂದೆ. ಹುಡುಗಾಟ ಎಂದು ತಪ್ಪಿಸಿಕೊಳ್ಳುವ ವಯಸ್ಸು ದಾಟಿತ್ತು.

ಇಷ್ಟಾದರೂ ಅವರ ಕೋಣೆಗೆ ಹೋಗಿಬರುವ ಸಲಿಗೆ ಇದ್ದದ್ದು ನನಗೊಬ್ಬನಿಗೇ. ಮಗ್ಗದ ಕೆಲಸವನ್ನೆಲ್ಲ ಬೈದು ಬೈದು ಕಲಿಸಿದ್ದು ಅವರೇ. ಒಮ್ಮೆ ಪೆಟ್ಟಿಗೆಯಿಂದ ಅವರ ಪ್ರಾರ್ಥನೆಯ ಶಾಲು ತೆಗೆದು ನನ್ನ ತೊಡೆಯ ಮೇಲೆ ಹಾಸಿದರು. ಬಿಳಿ ಉಣ್ಣೆ, ಅಂಚಿಗೆ ಕರಿ ಪಟ್ಟಿ, ನಾಲ್ಕು ಮೂಲೆಗೆ ಉದ್ದನೆಯ ನಾಲ್ಕು ಗೊಂಡೆ. ನಮ್ಮ ಹೆಂಗಸರು ಸೀರೆಯ ಸೆರಗಿಗೆ ಕಟ್ಟುವ ಗೊಂಡೆಯಂತಲ್ಲ. ಗಂಟುಗಳ ನಡುವೆ ಸುತ್ತುಗಳು, ಪ್ರತಿ ಸುತ್ತಿಗೂ ಎಣಿಕೆ.

"ಇದನ್ನ ನೋಡಿದಾಗೊಮ್ಮೆ ದೇವರು ಹೇಳಿದ್ದು ನೆನಪಾಗಬೇಕು. ಅದಕ್ಕ ಇವು" ಅಂದರು. "ನಮ್ಮಪ್ಪನ ಕೈಯಿಂದ ಬಂದದ್ದು ನನಗ ಇದೊಂದ. ಹೊದ್ದಕೊಂಡ್ರ ಈ ಊರಾಗ ನಾ ಒಬ್ಬಾವಲ್ಲ ಅನಸ್ತೈತಿ."

ನಾನು ಕೇಳಿದೆ, "ಸತ್ತ ಮ್ಯಾಲ ಇದನ್ನ ಏನ ಮಾಡತಾರ್ರಿ?"

"ಇದರಾಗ ಸುತ್ತಿ ಮಣ್ಣ ಮಾಡತಾರ. ಅದಕ್ಕೂ ಮುಂಚೆ ಒಂದ ಗೊಂಡೆ ಕತ್ತರಸ್ತಾರ. ಸತ್ತಾಂವಗ ನೆನಪಿಡೋ ಕೆಲಸ ಇನ್ನ ಉಳದಿಲ್ಲ ಅಂತ."

ಈ ಉತ್ತರವನ್ನೂ ನಾನು ಇಟ್ಟುಕೊಂಡೆ.

ಆರು ವರ್ಷದ ಹಿಂದಿನ ಒಂದು ಶನಿವಾರ. ನಾನೇ ಬಣ್ಣ ಕೂಡಿಸಿ, ನಾನೇ ಅಂಚು ಹೊಂದಿಸಿದ ಸೀರೆಯೊಂದು ಮೂರನೇ ಮಗ್ಗದ ಮೇಲಿತ್ತು. ಅದನ್ನು ಮಗ್ಗದ ಮೇಲೆಯೇ ನೋಡಲು ಮುಧೋಳದಿಂದ ಅರಿವೆ ವ್ಯಾಪಾರಿ ಬರುವವನಿದ್ದ. ಅಪ್ಪನ ಹೆಸರಿಲ್ಲದೆ ನಾನು ಮಾಡಿದ ಮೊದಲ ಕೆಲಸ ಅದು. ಬೆಳಿಗ್ಗೆ ಆ ಮಗ್ಗ ನಿಂತುಬಿಟ್ಟಿತು. ಲಾಳಿ ಅರ್ಧ ದಾರಿಗೆ ಹೋಗಿ ಹಾಸಿನ ಎಳೆಗಳೊಳಗೇ ಸಿಕ್ಕಿಕೊಳ್ಳುತ್ತಿತ್ತು. ನಾನು ಕೋಣೆಯ ಬಾಗಿಲಿಗೆ ಓಡಿದೆ. ಅವರು ಶಾಲು ಹೊದ್ದು ಕೂತಿದ್ದರು.

"ಮೂರ ಚಿಕ್ಕಿ ಕಾಣಲಿ, ಬರ್ತೇನಿ."

"ಹತ್ತ ನಿಮಿಷದ ಕೆಲಸಾರೀ. ನಿಮ್ಮ ಕಾಲಿಗೆ ಬೀಳ್ತೇನಿ."

"ನನ್ನ ಕಾಲಿಗೆ ಬಿದ್ರ ಮಗ್ಗ ಏಳಂಗಿಲ್ಲ. ಸಂಜಿಕ ಬಾ."

ವ್ಯಾಪಾರಿ ಬಂದ, ನಿಂತ ಮಗ್ಗದ ಸುತ್ತ ಒಂದು ಸುತ್ತು ಹಾಕಿದ, ನಕ್ಕ. "ನಡಿಯೋ ಮಗ್ಗ ಆದಾಗ ಫೋನ್ ಮಾಡಪಾ" ಅಂದು ಹೋದ. ಅಪ್ಪ ಕೂಲಿಕಾರರೆಲ್ಲರ ಎದುರಿಗೆ, "ಒಬ್ಬ ಮಿಸ್ತ್ರಿನ ಎಬ್ಬಸಾಕಾಗದಾಂವ ಎಂಟ ಮಗ್ಗ ನಡಸ್ತಾನಂತ" ಎಂದರು.

ಚಿಕ್ಕೆ ಮೂಡಿದ ಕೂಡಲೇ ಇಸಾಜಿ ಮಿಸ್ತ್ರಿ ಕರೆಯದೆ ಬಂದರು. ಮಗ್ಗದ ಕೆಳಗೆ ಮಲಗಿಕೊಂಡು, "ಈರಣ್ಣ, ನನ್ನ ಕೋಣ್ಯಾಗಿಂದ ಸಣ್ಣ ಪಾನಾದ ಚೀಲ ತಗೊಂಡ ಬಾ" ಅಂದರು. ಹೋದೆ. ಸ್ಪ್ಯಾನರುಗಳ ಚೀಲದ ಪಕ್ಕದಲ್ಲಿ, ಪೆಟ್ಟಿಗೆಯ ಮೇಲೆ, ಮಡಚಿಟ್ಟ ಶಾಲು. ನೇಕಾರನ ಕಿಸೆಯಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿ ಯಾವಾಗಲೂ ಇರುತ್ತದೆ. ಒಂದು ಮೂಲೆ ಹಿಡಿದು ಎತ್ತಿದೆ, ಗೊಂಡೆಯನ್ನು ಬುಡಕ್ಕೇ ಕತ್ತರಿಸಿದೆ. ಸಿಟ್ಟಿನಲ್ಲಿ ಕೈ ಮೀರಿ ಆದದ್ದಲ್ಲ. ಏನು ಮಾಡುತ್ತಿದ್ದೇನೆ, ಅದಕ್ಕೆ ಅರ್ಥವೇನು ಎಂದು ಗೊತ್ತಿದ್ದೇ ಮಾಡಿದೆ. ಇನ್ನು ನೀನು ಸತ್ತವರ ಲೆಕ್ಕ ಎಂದು ಹೇಳಬೇಕಿತ್ತು, ಕತ್ತರಿಯಿಂದ ಹೇಳಿದೆ. ಗೊಂಡೆಯನ್ನು ಶೆಡ್ಡಿನ ಮೂಲೆಯ ಚಿಂದಿದಾರದ ರಾಶಿಗೆ ಎಸೆದು, ಚೀಲ ತಂದು ಅವರ ಕೈಗಿತ್ತೆ.

ಮಗ್ಗ ಹತ್ತೇ ನಿಮಿಷದಲ್ಲಿ ಓಡಿತು. ಅವರು ಎದ್ದು ನಿಂತು ಸೀರೆಯ ಮೇಲೆ ಬಗ್ಗಿ ನೋಡಿದರು. "ಬಣ್ಣ ಛಲೋ ಕೂಡಿಸಿದಿ" ಅಂದರು. ನನಗೆ ಆ ಬಾಯಿಂದ ಬಂದ ಮೊದಲ ಮೆಚ್ಚುಗೆ.

ಮರುವಾರ, ಭಾನುವಾರ ಬೆಳಿಗ್ಗೆ, ಶಾಲನ್ನು ಎರಡೂ ಕೈಯಲ್ಲಿ ಹಿಡಿದು ಹಿತ್ತಲಿಗೆ ಬಂದರು. ಅವ್ವ ನೋಡಿ, "ಅಯ್ಯ, ಇಲಿ ಕಡದಿರಬೇಕ್ರಿ" ಅಂದಳು. ಅವರು ಮೂಲೆಯನ್ನು ಕಣ್ಣಿನ ಹತ್ತಿರ ತಂದುಕೊಂಡರು.

"ಇಲಿ ಕಡದ್ರ ದಾರದ ತುದಿ ಬಿಚ್ಚಿ ಬತ್ತಿ ಆಗಿರ್ತೈತ್ರಿ ವೈನಿ. ಇಲ್ಲಿ ಎಲ್ಲಾ ಎಳಿ ಒಂದ ಸಮ ಅದಾವು. ಕೈ ನಡಗಿಲ್ಲ." ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಹಲ್ಲುಜ್ಜುತ್ತಿದ್ದೆ.

"ಇಲಿ ಬಾಳ ಆಗ್ಯಾವ್ರಿ ಮಿಸ್ತ್ರಿ" ಅಂದೆ. "ಔಷಧ ಇಡ್ತೇನಿ."

ಶಾಲನ್ನು ಮಡಚುತ್ತ, "ಇಲಿನ ಇರಬೇಕು" ಅಂದರು. "ಇಡಪಾ."

ಅವ್ವನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ನೇಕಾರರ ಮನೆಯಲ್ಲಿ ದಾರಕ್ಕೇನು ಬರ, ನಾನೇ ಕಟ್ಟಿಕೊಡುತ್ತೇನೆ ಎಂದಳು. ಅವರು ಬೇಡ ಎಂದರು. ಆ ದಾರವನ್ನು ನೂಲುವಾಗಲೇ ಇದು ಗೊಂಡೆಗೆ ಎಂದು ಮನಸ್ಸಿನಲ್ಲಿ ಅಂದುಕೊಂಡು ನೂತಿರಬೇಕು, ಮಾರಾಟಕ್ಕೆ ನೂತದ್ದು ನಡೆಯುವುದಿಲ್ಲ ಎಂದರು. ಊರಿಗೆ ಊರೇ ದಾರದ ಮೇಲೆ ಬದುಕುವ ನಮ್ಮ ಬನಹಟ್ಟಿಯಲ್ಲಿ ಅವರಿಗೆ ಬೇಕಾದ ಒಂದು ಮಾರು ದಾರ ಇರಲಿಲ್ಲ. ಪನವೇಲಿನಿಂದ ಅಕ್ಕ ಕಳಿಸಬೇಕಿತ್ತು. ಕಳಿಸುವುದರೊಳಗೆ ಅಕ್ಕ ತೀರಿಹೋದರು.

ಅವರು ಮತ್ತೆ ಆ ಶಾಲು ಹೊದೆಯಲಿಲ್ಲ. ಒಂದು ಗೊಂಡೆ ಇಲ್ಲದಿದ್ದರೂ ಹೊದೆಯುವಂತಿಲ್ಲವಂತೆ. ಶನಿವಾರ ಬರಿ ಅಂಗಿಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದರು. ಚಾದಂಗಡಿಗೆ ಬಂದರೂ ಮೂಲೆ ಹಿಡಿಯುತ್ತಿದ್ದರು. ಪ್ರಶ್ನೆ ಕೇಳಿದರೆ "ಗೊತ್ತಿಲ್ಲಪಾ" ಎನ್ನುತ್ತಿದ್ದರು. ಬೈಗುಳವೂ ನಿಂತಿತು. ಎಣ್ಣೆ ಕಾಣದ ಮಗ್ಗಕ್ಕೆ ತಾವೇ ಎಣ್ಣೆ ಹಾಕಿ ಎದ್ದುಹೋಗುತ್ತಿದ್ದರು. ಮುದುಕ ಮೆತ್ತಗಾದ ಎಂದು ಜನ ಖುಷಿಪಟ್ಟರು. ನನಗೆ ಆ ಮೌನ ತಡೆಯಲಾಗುತ್ತಿರಲಿಲ್ಲ. ಒಂದು ಸಲವಾದರೂ ದಡ್ಡ ಎನ್ನಲಿ ಎಂದು ಬೇಕೆಂದೇ ಅವರ ಮುಂದೆ ಬೋಲ್ಟು ತಪ್ಪಾಗಿ ಬಿಗಿಯುತ್ತಿದ್ದೆ. ಅವರು ಸುಮ್ಮನೆ ಬಿಚ್ಚಿ ಸರಿ ಮಾಡುತ್ತಿದ್ದರು.

ಆ ವರ್ಷ ಅಕ್ಕ ಇಲ್ಲದ್ದರಿಂದ ಅವರು ಪನವೇಲಿಗೆ ಹೋಗಲಿಲ್ಲ. ಮಹಾನವಮಿ, ಖಂಡೇ ಪೂಜೆಯ ದಿನ. ಮಗ್ಗಗಳನ್ನು ನಿಲ್ಲಿಸಿ, ತೊಳೆದು, ಚೆಂಡು ಹೂವಿನ ಮಾಲೆ ಹಾಕಿದ್ದೆವು. ಇಳಿಹೊತ್ತಿನಲ್ಲಿ ಅವರು ಬಿಳಿ ಧೋತರ, ಬಿಳಿ ಅಂಗಿ ಹಾಕಿಕೊಂಡು ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ಒಳಗೆ ನಾನೊಬ್ಬನೇ ಇದ್ದೆ.

"ಬನ್ನಿ ಕೊಡೂದು ನಾಳೀಕಲ್ರೀ ಮಿಸ್ತ್ರಿ" ಎಂದು ತಮಾಷೆ ಮಾಡಿದೆ. ಬನ್ನಿಯ ದಿನ ನಾವೂ ಹಳೆಯ ಜಗಳ ಮರೆತು ಎಲೆ ಕೊಟ್ಟು ಕಾಲು ಮುಟ್ಟುವವರೇ.

"ನಮ್ದು ಇವತ್ತು. ನಮ್ಮ ಹಿರೇರು ಇದಕ್ಕ ಬಾಗಲಾ ಹಾಕೋ ಹಬ್ಬ ಅಂತಿದ್ರು. ಹೊತ್ತ ಮುಳುಗಿದ ಮ್ಯಾಲ ಬಾಗಲಾ ಹಾಕ್ಕೊಂಡ್ರ ನಾಳಿ ಹೊತ್ತ ಮುಳುಗೂತನಾ ಅನ್ನ ಇಲ್ಲ, ನೀರಿಲ್ಲ, ಯಾರ ಜೋಡಿನೂ ಮಾತಿಲ್ಲ. ದೇವರಿಗೆ ಮಾಡಿದ್ದು ದೇವರು ಮಾಫ್ ಮಾಡತಾನ. ಮಂದಿಗೆ ಮಾಡಿದ್ದು ಮಂದಿನ ಮಾಡಬೇಕು, ಅದರಾಗ ಅವ ನಡುವ ಬರಂಗಿಲ್ಲ. ಬಾಗಲಾ ಹಾಕೂ ಮುಂಚೆ ಕೇಳಬೇಕು. ಇಷ್ಟ ದಿನ ಅಕ್ಕನ್ನ ಕೇಳತಿದ್ದೆ. ಈಗ ನೀವ ಅದೀರಿ."

ಅವರು ಕೈ ಜೋಡಿಸಿದರು. ನನಗಿಂತ ನಲವತ್ತು ವರ್ಷ ದೊಡ್ಡವರು.

"ನಿನ್ನ ಮಂದ್ಯಾಗ ದಡ್ಡ ಅಂದೀನಿ. ನಿನ್ನ ಮಗ್ಗ ನಿಂತ ದಿನ ಎದ್ದ ಬರಲಿಲ್ಲ. ನನ್ನಿಂದ ನಿನಗ ನಾಚಿಕಿ ಆತು. ಮಾಫ್ ಮಾಡು, ಈರಣ್ಣ."

ಹೇಳಿ ಮುಗಿದ ಮೇಲೂ ನಿಂತೇ ಇದ್ದರು. ಯಾಕೆ ನಿಂತಿದ್ದಾರೆಂದು ನನಗೆ ಗೊತ್ತಿತ್ತು. ಮಾತು ಬಂತು, ಆದರೆ ಪ್ರಶ್ನೆಯಾಗಿ ಬಂತು.

"ಮಾಫ್ ಕೇಳೂದ್ರಾಗ ಅಂವ ಸತ್ತ ಹೋದ್ರ ಏನ ಮಾಡತಾರ್ರಿ?"

ತಿಂಗಳುಗಟ್ಟಲೆ ಯಾವ ಪ್ರಶ್ನೆಗೂ ಉತ್ತರ ಕೊಡದಿದ್ದವರು ಅದಕ್ಕೆ ಕೊಟ್ಟರು. "ಹತ್ತ ಮಂದಿನ ಕರಕೊಂಡು ಅವನ ಗೋರಿಗೆ ಹೋಗಬೇಕು. ಅವರ ಮುಂದ, ಇಂಥಾದ್ದು ಮಾಡೀನಿ ಅಂತ ಬಾಯಿ ಬಿಟ್ಟ ಹೇಳಬೇಕು."

"ನಿಮ್ಮವರ ಆಗಬೇಕೇನು?"

"ಶಾಸ್ತ್ರಕ್ಕ ನಮ್ಮವರ ಆಗಬೇಕು. ಗೋರ್ಯಾಗ ಮಲಗಿ ಕೇಳಾಂವ ನಾ ಆಗಿದ್ರ ನಿಮ್ಮವರಾದ್ರೂ ನಡೀತೈತಿ." ತಿರುಗಿ ಆಕಾಶ ನೋಡಿದರು. ಸೂರ್ಯ ಶೆಡ್ಡಿನ ತಗಡಿನ ಮೇಲಿದ್ದ. "ಇನ್ನಷ್ಟ ಹೊತ್ತೈತಿ. ನಿನಗೇನರ ಹೇಳೂದೈತೇನು?"

"ಏನಿಲ್ರಿ" ಅಂದೆ. "ನಾ ಮಾಫ್ ಮಾಡೇನಿ, ಹೋಗ್ರಿ."

ಅವರು ತಲೆಯಾಡಿಸಿದರು. ನಿಧಾನಕ್ಕೆ ಹಿತ್ತಲು ದಾಟಿ ಕೋಣೆಗೆ ಹೋದರು. ಅಗಳಿ ಬಿದ್ದ ಸದ್ದು ಕೇಳಿಸಿತು. ಮಗ್ಗ ನಿಂತ ದಿನ ಶೆಡ್ಡಿನಲ್ಲಿ ಎಲ್ಲ ಸದ್ದೂ ಕೇಳುತ್ತದೆ.

ಉಪವಾಸ ಅವರಿಗೆ ತಡೆಯಲಾಗಲಿಲ್ಲ. ಜಮಖಂಡಿಯ ಡಾಕ್ಟರು ನೋಡಿ, ಒಬ್ಬರನ್ನೇ ಬಿಡಬೇಡಿ ಅಂದರು. ವಾರದೊಳಗೆ ಪನವೇಲಿನಿಂದ ಅವರ ಅಕ್ಕನ ಮಗ ಬಂದು ಕರೆದುಕೊಂಡು ಹೋದ. ನಾನು ಪೆಟ್ಟಿಗೆ ಎತ್ತಿ ಜೀಪಿಗೆ ಇಟ್ಟೆ. ಆ ಚಳಿಗಾಲ ಕಳೆಯುವುದರೊಳಗೆ ಮಿಸ್ತ್ರಿ ತೀರಿಹೋದರೆಂದು ಫೋನು ಬಂತು.

ಹೋದ ವರ್ಷ ನಾನು ಹತ್ತು ಮಂದಿಯನ್ನು ಕೂಡಿಸಿದೆ. ಚಾದಂಗಡಿಯ ಶಿವಪ್ಪ, ಗುರುಸಿದ್ದಪ್ಪ, ಫ್ಯಾನು ಆರಿಸಿದ ಮೂವರು, ಇನ್ನೈದು ಜನ. ಮಿಸ್ತ್ರಿಯ ಗೋರಿ ನೋಡಿ ಬರೋಣ, ಅಲ್ಲಿ ನನಗೊಂದು ಮಾತು ಹೇಳುವುದಿದೆ ಎಂದೆ. ಹಾಗೇ ಶಿರಡಿಯೂ ಆಗಲಿ ಎಂದರು, ಕ್ರೂಸರ್ ಗಾಡಿ ಮಾಡಿದೆವು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಲ್ಲೇ ಕಟ್ಟಿಕೊಂಡೆ. ನಾಲ್ಕೇ ಮಾತು.

ಪನವೇಲಿನಲ್ಲಿ ಮಿಸ್ತ್ರಿಯ ಅಕ್ಕನ ಮಗ ಸ್ಮಶಾನದ ಗೇಟು ತೆಗೆದ. ನಡೆಯುತ್ತ ನನಗೊಬ್ಬನಿಗೇ ಹೇಳಿದ: ಮಾಮಾನ ಶಾಲಿನ ಗೊಂಡೆ ಕತ್ತರಿಸಲು ಹೋದರೆ ಒಂದು ಮೊದಲೇ ಇರಲಿಲ್ಲ, ಹಿಂದೊಮ್ಮೆ ಕೇಳಿದ್ದಕ್ಕೆ ಇಲಿ ಕಡಿದಿದೆ ಎಂದಿದ್ದರಂತೆ. ಗೋರಿಯ ಮೇಲೆ ನಮ್ಮವರು ಮಾಲೆ ಹಾಕಿದರು, ಊದಿನಕಡ್ಡಿ ಹಚ್ಚಿದರು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ನಮ್ಮಲ್ಲಿ ಹೂವು ಹಾಕುವುದಿಲ್ಲ, ಸಣ್ಣ ಕಲ್ಲು ಇಡುತ್ತೇವೆ ಎಂದ ಆತ. ಅಷ್ಟು ಸಾಕಾಯಿತು. ಕಲ್ಲ ಯಾಕ್ರಿ, ಫೋಟೋ ಯಾಕ ಹಾಕಿಲ್ಲ, ಟೊಪಿಗಿ ಹಾಕ್ಕೊಂಡ ಹುಗೀತಾರೇನು, ಎಂಟನೇ ದಿನದ್ದು ಖರೆ ಏನ್ರಿ. ಆತ ಒಂದೊಂದಕ್ಕೂ ನಿಂತು ಉತ್ತರ ಕೊಟ್ಟ.

ಪ್ರಶ್ನೆ ಮುಗಿದ ಮೇಲೆ ಶಿವಪ್ಪ ನನ್ನ ಕಡೆ ತಿರುಗಿದ. "ಈರಣ್ಣ, ಏನೋ ಹೇಳೂದೈತಿ ಅಂದಿದ್ದೆಲ್ಲ?"

ಹತ್ತೂ ಜನ ನನ್ನ ಮುಖ ನೋಡಿದರು. ನಾನು ಬಾಯಿ ತೆರೆದೆ.

"ಮಿಸ್ತ್ರಿ ಛಲೋ ಮನಷ್ಯಾ ಇದ್ರು" ಅಂದೆ. "ನಡೀರಿ, ಶಿರಡಿಗೆ ಹೊತ್ತಾಕ್ಕೈತಿ."